ಕಾನಿನ ಸೀಮೆಯ ಪಾಠ

ಮಳೆ ಹಿಡಿದ ದಿನಗಳಲ್ಲಿ ನಿಮ್ಮ ಮನೆಯ ಮಗು ಕೈಗೆಲ್ಲ ಕೆಸರು ಮೆತ್ತಿಕೊಂಡು ಶಾಲೆಯಿಂದ ಬಂದರೆ ಗದರಬೇಡಿ. ಸಸಿ ನೆಟ್ಟು ಬಂದಿರಬಹುದು. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಜುಲೈ ತಿಂಗಳ ಈ ಹಬ್ಬ ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ. ಆದರೆ ಯಾವ ಸಸಿಯನ್ನು, ಯಾರಿಗಾಗಿ ನೆಡಬೇಕೆಂಬುದನ್ನು ಕಲಿಯಬೇಕಾದರೆ ಸೊರಬ, ಶಿಕಾರಿಪುರಗಳ ಕಡೆಗೆ ತಿರುಗಿ ನೋಡಬೇಕು.

ಆ ಸೀಮೆಯಲ್ಲಿ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ದಟ್ಟ ಹಸುರು ಕಾಡಿಗೆ 'ಕಾನು' ಎಂದು ಹೆಸರು. ಕಾನಿನ ನೆರಳಿನಲ್ಲಿ ನೀರಿನ ಸೆಲೆ ಬತ್ತುತ್ತಿರಲಿಲ್ಲ. ಬೈನೆಯ ಮರ, ಕಾಳುಮೆಣಸಿನ ಬಳ್ಳಿ ಊರವರಿಗೆ ಆದಾಯ ತರುತ್ತಿದ್ದುವು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಎಣಿಸಿದಾಗ ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳು, 32,000 ಎಕರೆಗೂ ಮಿಕ್ಕ ನೆಲದಲ್ಲಿದ್ದುವು. ಕಾಲಕ್ರಮದಲ್ಲಿ ಕೆಲವು ಮರದ ದಿಮ್ಮಿಗಾಗಿ ಬರಿದಾದುವು. ಕೆಲವು ಸಾಗುವಳಿಗೆ, ನೆಡುತೋಪಿಗೆ ಸಂದುವು.

ನೆಟ್ಟದ್ದೆಲ್ಲ ವನವಾಗುವುದಿಲ್ಲವೆಂಬುದನ್ನು ಜನ ಆಮೇಲೆ ಕಂಡುಕೊಂಡರು. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆ ಹರಿಹರದ ಕಾರ್ಖಾನೆಗಾಗಿ ಶಿವಮೊಗ್ಗ, ಧಾರವಾಡ ಮೊದಲಾದ ಜಿಲ್ಲೆಗಳ ಗೋಮಾಳ, ಕಾವಲುಗಳಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ದನಕ್ಕೆ ಮೇವಿಲ್ಲ, ಒಲೆಗೆ ಸೌದೆಯಿಲ್ಲ. 1987ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದು ಹೆಸರಾದ ಸತ್ಯಾಗ್ರಹವದು. 1991ರಲ್ಲಿ ಆ ಸಂಸ್ಥೆಯೇ ಮುಚ್ಚಿತು.

ಅದೇ ವರ್ಷ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಆದೇಶವಿತ್ತಿತು. ಪಾಠ ಪುಸ್ತಕಕ್ಕೆ ಬಂದದ್ದು ಸಂತೋಷವೇ. ಆದರೆ ಕಾನನ್ನು ಉಳಿಸಿದವರು ಪುಸ್ತಕ ಓದಿದವರಲ್ಲ. ಅದರ ಹಣ್ಣು, ನೀರು, ನೆರಳುಗಳನ್ನು ಉಂಡವರು. ಮಕ್ಕಳಿಗೂ ಆ ನಂಟು ಬೆಳೆಯಬೇಕು. ಆದುದರಿಂದ ನಿಮ್ಮ ಮಗುವನ್ನು ಎಷ್ಟು ಸಸಿ ನೆಟ್ಟೆ ಎಂದು ಕೇಳಬೇಡಿ. ಆ ಗಿಡದ ಹೆಸರೇನು, ಅದರಿಂದ ಯಾರಿಗೆ ಏನು ಸಿಗುತ್ತದೆ, ಬೇಸಿಗೆ ರಜೆಯಲ್ಲಿ ಅದಕ್ಕೆ ನೀರೆರೆಯುವವರು ಯಾರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಗು ಉತ್ತರ ತಿಳಿಯದೆ ನಿಂತರೆ, ಒಂದು ಕೊಡ ಹಿಡಿದು ನೀವೇ ಅದರ ಜೊತೆಗೆ ಹೊರಡಿ.