ಹತ್ತಿಯಿಂದ ಬೆಂಡೆಗೆ ಸರಿದ ಹಸಿರು ಪತಂಗ

ಬೈಲಹೊಂಗಲ, ಸವದತ್ತಿಯ ಎರೆಹೊಲಗಳಲ್ಲಿ ಹತ್ತಿಯ ಸುಳಿ ಬಾಡಿ ಕತ್ತು ಬಗ್ಗಿಸಿತೆಂದರೆ ಹಳೆಯ ರೈತರಿಗೆ ಯಾರೂ ಕಾರಣ ಹೇಳಬೇಕಿರಲಿಲ್ಲ. ಸುಳಿ ಸೀಳಿದರೆ ಒಳಗೆ ಕಂದು ಮೈಯ, ಬಿಳಿ ಮಚ್ಚೆಯ, ಮುಳ್ಳುಮುಳ್ಳಾದ ಕೀಡಿ. ಕೃಷಿ ಪುಸ್ತಕಗಳಲ್ಲಿ ಅದರ ಹೆಸರು ಚುಕ್ಕೆ ಕಾಯಿಕೊರಕ.

ಕೀಡಿ ಹೀಗಿದ್ದರೂ ಅದರ ಪತಂಗ ನೋಡಲು ಚೆಂದ. ಕೆನೆಬಿಳಿ ರೆಕ್ಕೆಯ ಮೇಲೆ ಬುಡದಿಂದ ಅಂಚಿನವರೆಗೆ ಅಗಲವಾಗುತ್ತ ಹೋಗುವ ಹಸಿರು ಪಟ್ಟಿ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು ಒಂದು ಇಂಚು. ಇದು ಇಯರಿಯಾಸ್ ವಿಟ್ಟೆಲ್ಲಾ. ಇದರ ದಾಯಾದಿ ಇಯರಿಯಾಸ್ ಇನ್ಸುಲಾನಾದ ಮುಂರೆಕ್ಕೆ ಪೂರ್ತಿ ಹಸಿರು.

ತಾಯಿ ಪತಂಗ ರಾತ್ರಿ ಹೊತ್ತು ಸುಳಿ, ಮೊಗ್ಗುಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮೂರ್ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಗಿಡ ಎಳೆಯದಿದ್ದಾಗ ಸುಳಿ, ಆಮೇಲೆ ಮೊಗ್ಗು, ಹೂ, ಕಾಯಿ ಅದರ ಆಹಾರ. ಕೊರೆದ ತೂತಿಗೆ ತನ್ನ ಹಿಕ್ಕೆಯನ್ನೇ ಬಿರಡೆ ಮಾಡುತ್ತದೆ. ಎರಡು ವಾರ ತಿಂದುಂಡು, ಬೋರಲು ಹಾಕಿದ ದೋಣಿಯಂಥ ಗೂಡು ನೇಯ್ದು ಒಳಸೇರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಹೊಸ ಪೀಳಿಗೆ ತಯಾರು.

ಹತ್ತಿ ಬದಲಾದಂತೆ ಈ ಕೀಟದ ಬದುಕೂ ಬದಲಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜವನ್ನು ಧಾರವಾಡ ಸೀಮೆಗೆ ತಂದಿತು. ಮುಂದೆ ಹಿಂಗಾರಿ ತೇವದಲ್ಲೇ ಬೆಳೆಯುವ ನಾಟಿ ತಳಿ ಜಯಧರ ಮನೆಮಾತಾಯಿತು. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಹೈಬ್ರಿಡ್ ಹುಟ್ಟಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು. ನೀರು, ಗೊಬ್ಬರ ಉಂಡ ಗಿಡ ತಿಂಗಳುಗಟ್ಟಲೆ ಹಸಿರಾಗಿ ನಿಂತಿತು. ಕೀಡಿಗೂ ಅದೇ ಹಬ್ಬ. ಬೆನ್ನಿಗೆ ಪಂಪು ಕಟ್ಟಿಕೊಂಡು ‘ಎಣ್ಣಿ ಹೊಡಿಯೋದು’ ಹತ್ತಿ ಬೇಸಾಯದ ಭಾಗವೇ ಆಯಿತು.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಗಿಡವೇ ಕೀಡಿಗೆ ವಿಷವಾದದ್ದರಿಂದ ಹಸಿರು ಪತಂಗ ಹತ್ತಿ ಹೊಲದಲ್ಲಿ ಅಪರೂಪವಾಯಿತು. ಗುಲಾಬಿ ಕಾಯಿಕೊರಕ ಮಾತ್ರ ಆ ವಿಷವನ್ನೂ ಅರಗಿಸಿಕೊಳ್ಳಲು ಕಲಿತು ಮತ್ತೆ ಕಾಯಿಗೆ ಇಳಿದಿದೆ. ಇತ್ತ ಬೈಲಹೊಂಗಲ, ಕಿತ್ತೂರಿನ ಎಷ್ಟೋ ಹೊಲಗಳನ್ನು ಸೋಯಾ, ಕಬ್ಬು ಆವರಿಸಿವೆ.

ಹಾಗಂತ ಹಸಿರು ಪತಂಗದ ವಂಶ ಅಳಿದಿಲ್ಲ. ಹತ್ತಿ, ಬೆಂಡೆ, ಬದುವಿನ ತುತ್ತಿ ಗಿಡ, ಎಲ್ಲವೂ ದಾಸವಾಳದ ಬಳಗದವೇ. ಒಂದು ಮನೆ ತಪ್ಪಿದರೆ ಇನ್ನೊಂದು. ರಾಮದುರ್ಗದ ಸಂತೆಯಲ್ಲಿ ಬೆಂಡೆಕಾಯಿ ಆರಿಸುವಾಗ ತೂತು ಬಿದ್ದದ್ದು ಕಂಡರೆ ಎಸೆಯುವ ಮೊದಲು ಒಮ್ಮೆ ಸೀಳಿ ನೋಡಿ. ಒಳಗಿರುವುದು ಬಹುಪಾಲು ಹತ್ತಿಯ ಈ ಹಳೆಯ ಒಕ್ಕಲೇ.