ತಾತನ ಚಿಮುಟ, ಅಪ್ಪನ ಲೇತು

ಹೋದ ತಿಂಗಳು ಆಫೀಸಿನ ಒಂದು ಮೀಟಿಂಗಿನಲ್ಲಿ ನಾನು ಬರೆದ ಕೋಡನ್ನು ಪರದೆ ಮೇಲೆ ಹಾಕಿಕೊಂಡು ಹನ್ನೊಂದು ಜನ ನೋಡುತ್ತಿದ್ದರು. "ಇದನ್ನ ಯಾರು ಬರೆದಿದ್ದು?" ಅಂತ ಒಬ್ಬರು ಕೇಳಿದರು. ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ, ಕೇಳಿದ ಧಾಟಿ ಹಾಗಿತ್ತು. ಹಿಂದಿನ ದಿನವಷ್ಟೇ ನಾನೇ ಬರೆದ ನಲವತ್ತು ಸಾಲು, ಒಂದು ಸಾಲೂ ಅರ್ಥವಾಗಲಿಲ್ಲ. ಬೆವರು ಬೇರೆ. ಮೀಟಿಂಗ್ ಮುಗಿದು ನನ್ನ ಸೀಟಿಗೆ ಬಂದು ಕೂತ ಮೇಲೆ ಎರಡೇ ನಿಮಿಷದಲ್ಲಿ ತಪ್ಪು ಸಿಕ್ಕಿತು!

ಮನೆಗೆ ಬಂದು ತಾತನಿಗೆ ಹೇಳಿದೆ. "ಕೈ ನಡುಗ್ತಾ?" ಅಂದರು. ಇಲ್ಲ ತಾತ, ತಲೆ ನಡುಗಿತು ಅಂದೆ. "ಎಲ್ಲಾ ಒಂದೇ ಕಣೋ" ಅಂದು ಕಾಫಿ ಕುಡಿಯತೊಡಗಿದರು. ಆಮೇಲೆ ಅವರು ಹೇಳಿದ್ದು, ನಾನು ಅಲ್ಲಿ ಇಲ್ಲಿ ಓದಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :-)

ನಮ್ಮ ಜಾಲಹಳ್ಳಿ ಇವತ್ತು ಹೆಚ್ಚಿನವರಿಗೆ ಒಂದು ಮೆಟ್ರೋ ಸ್ಟೇಷನ್, ಒಂದು ಟ್ರಾಫಿಕ್ ಜಾಮ್. ಆದರೆ ಸ್ವಾತಂತ್ರ್ಯ ಬಂದ ಹತ್ತು ವರ್ಷದೊಳಗೆ ಈ ಕಡೆಯ ಚಹರೆಯೇ ಬದಲಾಗಿಹೋಯಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ಮರುವರ್ಷವೇ ಬಿಇಎಲ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆ. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಇದೆಲ್ಲ ಎಲ್ಲ ಕಡೆ ಸಿಗುವ ಇತಿಹಾಸ. ಎಷ್ಟು ಎಕರೆ, ಎಷ್ಟು ಯಂತ್ರ ಅನ್ನೋ ಲೆಕ್ಕವೂ ಸಿಗುತ್ತೆ. ನಿನ್ನೆಯವರೆಗೆ ಗುದ್ದಲಿ ಹಿಡಿದಿದ್ದ ಕೈ ಇವತ್ತು ಚಿಮುಟ ಹಿಡಿಯಲು ಕಲಿತದ್ದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಅಷ್ಟಾಗಿ ಬರೆದಂತಿಲ್ಲ.

ತಾತ ಕುಣಿಗಲ್ ಕಡೆಯ ಹಳ್ಳಿಯವರು. 1963ರಲ್ಲಿ ಕೆಲಸಕ್ಕೆ ಸೇರಿದಾಗ ಇಪ್ಪತ್ತು ವರ್ಷ, ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಎಚ್‌ಎಂಟಿ ಜನತಾ ಗಡಿಯಾರ ನೋಡಿದವರಿಗೆ ಗೊತ್ತಿರುತ್ತೆ, ಹದಿನೇಳು ಕಲ್ಲಿನ ಕೀಲಿ ಗಡಿಯಾರ. ಒಳಗಿನ ಚಕ್ರ ಗಂಟೆಗೆ 18,000 ಸಲ ಬಡಿದುಕೊಳ್ಳುತ್ತೆ, ಅಂದರೆ ಸೆಕೆಂಡಿಗೆ ಐದು. ಅದನ್ನು ಹಿಡಿದಿಡೋದು ಕೂದಲಿನಂಥ ಒಂದು ಸ್ಪ್ರಿಂಗು. ಚಿಮುಟದಲ್ಲಿ ಸ್ವಲ್ಪ ಹೆಚ್ಚು ಒತ್ತಿದರೆ ಮುಗೀತು. ತಾತ ಮೊದಲ ವಾರದಲ್ಲಿ ಎಷ್ಟು ಸ್ಪ್ರಿಂಗ್ ಹಾಳು ಮಾಡಿದರೋ ಅವರಿಗೇ ಲೆಕ್ಕವಿಲ್ಲ. ಊರಿಗೆ ವಾಪಸ್ ಹೋಗಿಬಿಡೋಣ ಅಂತ ಟ್ರಂಕು ಕಟ್ಟಿದ್ದರಂತೆ.

ಪಕ್ಕದ ಬೆಂಚಿನಲ್ಲಿ ತಮಿಳು ಮಾತಾಡುವ ಹಿರಿಯರೊಬ್ಬರಿದ್ದರು. ತಾತನಿಗೆ ತಮಿಳು ಬರದು, ಅವರಿಗೆ ಕನ್ನಡ ಅರೆಬರೆ. ಅವರು ಬೈಯಲಿಲ್ಲ, ಪಾಠವನ್ನೂ ಮಾಡಲಿಲ್ಲ. "ತಂಬಿ, ಮೊದಲು ಉಸಿರು ಬಿಡು" ಅಂದು, ತಾವೇ ಹಾಳು ಮಾಡಿದ್ದ ಸ್ಪ್ರಿಂಗುಗಳ ಒಂದು ಡಬ್ಬಿ ತೆಗೆದು ತೋರಿಸಿದರಂತೆ. ಡಬ್ಬಿ ತುಂಬಾ! ತಾತ ಇವತ್ತಿಗೂ ಅದನ್ನು ಹೇಳುವಾಗ ನಗುತ್ತಾರೆ. ಆ ಡಬ್ಬಿ ನೋಡಿದ ಮೇಲೆ ಕೈ ನಿಂತಿತು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಒಂದು ಪ್ರಬಂಧ ಬರೆದ. ನನ್ನಿಂದ ಆಗುತ್ತೆ ಅನ್ನುವ ನಂಬಿಕೆ ಮನುಷ್ಯನಿಗೆ ನಾಲ್ಕು ಕಡೆಯಿಂದ ಬರುತ್ತೆ ಅನ್ನುತ್ತಾನೆ: ಸ್ವತಃ ಮಾಡಿ ಗೆದ್ದಿದ್ದು, ನಮ್ಮಂಥವರೇ ಮಾಡಿದ್ದನ್ನು ನೋಡಿದ್ದು, ಬೇರೆಯವರು ತುಂಬಿದ ಧೈರ್ಯ, ಮತ್ತೆ ಆ ಹೊತ್ತಿಗೆ ನಮ್ಮ ಮೈ ಹೇಗಿದೆ ಅನ್ನೋದು, ಅಂದರೆ ಎದೆಬಡಿತ, ಬೆವರು ಇತ್ಯಾದಿ. ಆ ತಮಿಳು ಹಿರಿಯರು ಇದಕ್ಕೂ ಹದಿನಾಲ್ಕು ವರ್ಷ ಮೊದಲೇ ಒಂದು ಡಬ್ಬಿಯಲ್ಲಿ ಇದನ್ನೆಲ್ಲ ಇಟ್ಟುಕೊಂಡಿದ್ದರು.

ಇನ್ನು ಅಪ್ಪನ ಕಥೆ. ಇದನ್ನು ಬರೆಯೋದೋ ಬೇಡವೋ ಅಂತ ಯೋಚಿಸಿದೆ.

ದೊಡ್ಡ ಕಾರ್ಖಾನೆಗಳ ನೆರಳಲ್ಲೇ 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಸಾವಿರಾರು ಸಣ್ಣ ಶೆಡ್ಡುಗಳು, ಇವರಿಗೆ ಬೇಕಾದ ಬಿಡಿಭಾಗ ಅವರು ಮಾಡಿಕೊಡೋದು. ಅಪ್ಪನಿಗೆ ಖಾಯಂ ನೌಕರಿ ಸಿಗಲಿಲ್ಲ, ಹತ್ತೊಂಬತ್ತನೇ ವಯಸ್ಸಿಗೆ ಅಂಥದ್ದೊಂದು ಶೆಡ್ಡಿನಲ್ಲಿ ಲೇತಿಗೆ ನಿಂತರು. ತಪ್ಪಾದರೆ ಎಲ್ಲರ ಎದುರಿಗೆ ಬೈಗುಳ, ಹಾಳಾದ ಕಬ್ಬಿಣದ ದುಡ್ಡು ಸಂಬಳದಲ್ಲಿ ಕಟ್. ಅಪ್ಪ ಕೆಲಸ ಕಲಿತರು, ಚೆನ್ನಾಗಿಯೇ ಕಲಿತರು. ಬೆರಳಲ್ಲಿ ಸವರಿ ಎಷ್ಟು ಮೈಕ್ರಾನ್ ಜಾಸ್ತಿ ಇದೆ ಅಂತ ಹೇಳಬಲ್ಲವರು. ಆದರೆ ಮನೆಯಲ್ಲಿ ಏನೇ ಕೇಳಿದರೂ ಬರುವ ಮೊದಲ ಮಾತು "ನಂಗೇನು ಗೊತ್ತಾಗುತ್ತೆ ಬಿಡು". ಬ್ಯಾಂಕಿನಲ್ಲಿ ಚಲನ್ ತುಂಬಲೂ ನನ್ನನ್ನು ಕರೆಯುತ್ತಾರೆ. ತಾತ ಏಳನೇ ಕ್ಲಾಸು, ಅಪ್ಪ ಎಸ್ಸೆಸ್ಸೆಲ್ಸಿ ಪಾಸು. ಬ್ಯಾಂಕ್ ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂರೋದು ತಾತ!

ತಾತ ಶ್ಯಾಣ್ಯಾ, ಅಪ್ಪ ದಡ್ಡ ಅಂತಲೇ ನಾನು ಚಿಕ್ಕವನಿದ್ದಾಗ ತಿಳಿದಿದ್ದೆ. ಒಂದು ಅಧ್ಯಯನ ಓದಿದ ಮೇಲೆ ಅದು ಅಲುಗಾಡಿತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಒಗಟು ಬಿಡಿಸಲು ಕೊಟ್ಟರು, ಬಿಡಿಸಿದ್ದಕ್ಕೆ ದುಡ್ಡು. ಯಾರ ಜಾತಿ ಯಾವುದು ಅಂತ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿ ಹುಡುಗರು ಹಿಂದೆ ಬಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ಒಗಟು ಅದೇ, ಅಂಥದೇ ಹುಡುಗರು. ಕೋಣೆಯಲ್ಲಿ ಒಂದು ಮಾತು ಹೆಚ್ಚಾಗಿತ್ತು, ಅಷ್ಟೇ. ಅಪ್ಪನದು ಜಾತಿಯ ವಿಷಯವಲ್ಲ ನಿಜ, ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ "ಟೆಂಪರ್ವರಿ" ಅನ್ನೋದನ್ನೂ ನಮ್ಮ ಕಡೆ ಹೆಸರಿನ ಜೊತೆ ಸೇರಿಸಿಯೇ ಹೇಳುತ್ತಿದ್ದರು.

ಖಾಯಂ ಆದವರಿಗೂ ಹೋಲಿಕೆಯ ಉರಿ ತಪ್ಪಿದ್ದಲ್ಲ ಅನ್ನಿ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು, ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಎಲ್ಲ. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟೇ ಸಂಬಳ ನಮಗೂ ಬೇಕು ಅನ್ನೋದು ಮುಖ್ಯ ಬೇಡಿಕೆ. ದುಡ್ಡಿಗಿಂತ "ಅವರಿಗಿಂತ ನಾವೇನು ಕಡಿಮೆ" ಅನ್ನೋದೇ ಹೆಚ್ಚಾಗಿತ್ತು ಅನ್ನುತ್ತಾರೆ ತಾತ. ಆ ಮೂರು ತಿಂಗಳು ಬೀದಿಯಲ್ಲಿ ಒಟ್ಟಿಗೆ ನಿಂತು, ಭಾಷಣ ಕೇಳಿ, ಕೊನೆಗೆ ತಾವೂ ನಾಲ್ಕು ಮಾತಾಡಲು ಕಲಿತರಂತೆ. ಬ್ಯಾಂಕ್ ಮ್ಯಾನೇಜರ ಎದುರು ಕೂರುವ ಧೈರ್ಯ ಅಲ್ಲಿಂದ ಬಂದದ್ದಿರಬೇಕು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿತು. ತಾತ ಅಷ್ಟೊತ್ತಿಗೆ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇಲ್ಲೇ ಎಚ್‌ಎಂಟಿ ಮ್ಯೂಸಿಯಂ 2019ರಲ್ಲಿ ತೆರೆದಾಗ ಹಠ ಹಿಡಿದು ಹೋಗಿ ಬಂದರು. "ನಮ್ಮನ್ನೂ ಗಾಜಿನೊಳಗೆ ಇಟ್ಟಿದ್ದಾರೆ ನೋಡು" ಅಂದರು. ಖುಷಿಯೋ ಬೇಜಾರೋ ಗೊತ್ತಾಗಲಿಲ್ಲ.

ಇಷ್ಟೆಲ್ಲ ಮಾತಾದ ರಾತ್ರಿ ತಾತನ ಹಳೇ ಜನತಾ ನಿಂತುಹೋಗಿತ್ತು. ತಾತನ ಕೈ ಈಗ ವಯಸ್ಸಿಗೆ ನಡುಗುತ್ತೆ. ನಾನು ಬಿಚ್ಚಲು ಹೋಗಿ ಹಿಂದಿನ ಮುಚ್ಚಳಕ್ಕೆ ಗೀರು ಹಾಕಿದೆ. ಟಿವಿ ನೋಡುತ್ತಿದ್ದ ಅಪ್ಪ ಎದ್ದು ಬಂದು "ಕೊಡಿಲ್ಲಿ" ಅಂದರು. ತಾತ ಪಕ್ಕದಲ್ಲಿ ಕೂತು ಒಂದೊಂದೇ ಹೇಳುತ್ತಾ ಹೋದರು, ಅಪ್ಪ ಮಾಡುತ್ತಾ ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಅಪ್ಪ ಅದನ್ನು ಕಿವಿಗೆ ಹಿಡಿದರು.

"ಓಡ್ತಾ ಇದೆ ಅನ್ಸುತ್ತೆ, ನಂಗೇನು ಗೊತ್ತಾಗುತ್ತೆ, ನೀನೇ ನೋಡಪ್ಪಾ" ಅಂತ ತಾತನ ಕೈಗೆ ಕೊಟ್ಟರು. ತಾತ ನೋಡಲಿಲ್ಲ. ಹಾಗೇ ಮಗನ ಕೈಗೇ ಕಟ್ಟಿದರು.