ಹಳೇ ಗಾಡಿ ಕಥೆಗಳು, ಭಾಗ 4: ಅಂಬಾಸಿಡರ್ ವರ್ಸಸ್ ಮಾರುತಿ 800

ಫ್ರೆಂಡ್ಸ್, ಹೋದ ಭಾಗದ ಕಮೆಂಟ್ಸ್‌ನಲ್ಲಿ ತುಂಬಾ ಜನ ಕೇಳಿದ್ದು ಇದನ್ನೇ. ನಮ್ಮನೇಲಂತೂ ಇದು ಪ್ರತಿ ಹಬ್ಬಕ್ಕೂ ನಡೆಯೋ ಜಗಳ. ತಾತ ತಿಪಟೂರಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ರು. ಅಪ್ಪ ತಗೊಂಡ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಮಾರುತಿ 800. ಇಬ್ರೂ ಸೋಲೋ ಪೈಕಿ ಅಲ್ಲ. ಅದಕ್ಕೆ ಈ ಸಲ ಅಂಕಿ ಅಂಶ ಇಟ್ಕೊಂಡು ಕೂತೆ.

ಮೊದಲು ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರೇ ಇದರ ಮೂಲ. 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗೋಕೆ ಶುರುವಾಯ್ತು. ಬಹುಕಾಲ ಇದ್ದಿದ್ದು 1489 ಸಿಸಿ, 4 ಸಿಲಿಂಡರ್ ಪೆಟ್ರೋಲ್ ಎಂಜಿನ್. ಶಕ್ತಿ ಸುಮಾರು 50 ಹಾರ್ಸ್ ಪವರ್, ತೂಕ ಸುಮಾರು 1100 ಕೆಜಿ.

ಈಗ ಮಾರುತಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ರು. 796 ಸಿಸಿ, 3 ಸಿಲಿಂಡರ್, ಸುಮಾರು 39 ಹಾರ್ಸ್ ಪವರ್. ತೂಕ ಬರೀ 650 ಕೆಜಿ ಆಸುಪಾಸು.

ಎಂಜಿನ್ ನೋಡಿದ್ರೆ ತಾತನೇ ಗೆದ್ರು ಅನ್ಸತ್ತೆ ಅಲ್ವಾ? ತಾಳಿ, ತೂಕದಿಂದ ಭಾಗಿಸಿ ನೋಡಿ. ಒಂದು ಟನ್ನಿಗೆ ಅಂಬಾಸಿಡರ್‌ಗೆ ಸಿಗೋದು ಸುಮಾರು 45 ಹಾರ್ಸ್ ಪವರ್, ಮಾರುತಿಗೆ 60. ಅರ್ಧದಷ್ಟು ಎಂಜಿನ್ ಇಟ್ಕೊಂಡೂ ಚಿಕ್ಕ ಕಾರು ಚುರುಕಾಗಿ ಓಡ್ತಿದ್ದ ಗುಟ್ಟು ಇದೇ. ಪೆಟ್ರೋಲ್ ಕೂಡ ಕಡಿಮೆ ಕುಡೀತಿತ್ತು.

ಇದನ್ನೆಲ್ಲ ತಾತಂಗೆ ಓದಿ ಹೇಳಿದೆ. ಸುಮ್ನೆ ಕೇಳಿ, "ಲೆಕ್ಕ ಸರಿ ಕಣೋ. ಆದ್ರೆ ನಾನು ಗಾಡಿ ತಗೊಂಡಾಗ ನಿಮ್ಮಪ್ಪನ ಕಾರು ಎಲ್ಲಿತ್ತು?" ಅಂದ್ರು.

ಅಲ್ಲಿಗೆ ನನ್ನ ಬಾಯಿ ಬಂದ್ ಆಯ್ತು. ಲೈಸೆನ್ಸ್ ರಾಜ್ ಅಂತ ಕ್ಲಾಸಲ್ಲಿ ಓದ್ತೀವಲ್ಲ, ಅದು ಇದೇ. ಎಷ್ಟು ಕಾರು ತಯಾರಿಸ್ಬೇಕು ಅನ್ನೋಕೂ ಸರ್ಕಾರದ ಪರ್ಮಿಷನ್ ಬೇಕಿತ್ತು. ಕೊಳ್ಳೋರಿಗೆ ಇದ್ದಿದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಅಂತ ಬೆರಳೆಣಿಕೆ ಹೆಸರು. ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕಿತ್ತು. ಗಿರಾಕಿ ಹೇಗೂ ಕಾಯ್ತಾನೆ ಅಂದ್ಮೇಲೆ ಕಂಪನಿ ಯಾಕೆ ಗಾಡಿ ಬದಲಾಯಿಸುತ್ತೆ?

ಸಾಕ್ಷಿ ಬೇಕಾ? 1489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 30 ವರ್ಷ ಹಾಗೇ ನಡೀತು. ಮಾರುತಿ ಬಂದು ಹತ್ತು ವರ್ಷ ಆಗೋ ಹೊತ್ತಿಗೆ ಅಂಬಾಸಿಡರ್‌ಗೂ 1.8 ಲೀಟರ್ ಇಸುಜು ಎಂಜಿನ್, 5 ಗೇರ್ ಬಂತು. ಮೊದಲೇ ಪೈಪೋಟಿ ಇದ್ದಿದ್ರೆ ತಾತನ ಟ್ಯಾಕ್ಸಿಗೇ ಅದು ಸಿಗ್ತಿತ್ತೇನೋ.

ಕೊನೆಗೆ ಎರಡೂ ಕಾರಿನ ತಯಾರಿಕೆ ನಿಂತಿದ್ದು ಒಂದೇ ವರ್ಷ, 2014ರಲ್ಲಿ. ಜನವರೀಲಿ ಮಾರುತಿ 800, ಮೇನಲ್ಲಿ ಅಂಬಾಸಿಡರ್.

ಹಾಗಾಗಿ ನನ್ನ ತೀರ್ಪು: ಓಟದಲ್ಲಿ ಅಪ್ಪನ ಕಾರು ಗೆದ್ದಿದೆ. ಆದ್ರೆ ತಾತ ಸೋತಿಲ್ಲ. ಅವರ ಕಾಲದಲ್ಲಿ ರೇಸೇ ಇರ್ಲಿಲ್ಲ.

ನಿಮ್ಮನೇಲಿ ಮೊದಲು ಬಂದ ಕಾರು ಯಾವ್ದು? ಮನೆ ಹಿರಿಯರನ್ನ ಕೇಳಿ ಕಮೆಂಟ್ ಮಾಡಿ. ಬುಕ್ ಮಾಡಿ ಎಷ್ಟು ವರ್ಷ ಕಾದ್ರು ಅಂತಾನೂ ಕೇಳಿ.

#ಹಳೇಗಾಡಿಕಥೆಗಳು #ಅಂಬಾಸಿಡರ್ #ಮಾರುತಿ800